ಜನ ಕಾಣುವಲ್ಲೇ ಅಂಟಿಸುವ ಅಂಟಕ್ಕ

ಬೆಳಗಿನ ಆರು ಗಂಟೆಗೇ ಅಂಟಕ್ಕ ಮೈದಾನದ ಗೇಟಿನ ಬಳಿ ನಿಂತಿದ್ದಾರೆ. ಮನೆಯಲ್ಲೇ ಕಾಸಿದ ಮೈದಾ ಅಂಟನ್ನು ಗೋಡೆಗೆ ಬಳಿದು, ನೋಟಿಸನ್ನೂ ನಕ್ಷೆಯನ್ನೂ ಅಂಗೈಯಿಂದ ಸವರಿ ಕೂರಿಸುತ್ತಾರೆ. ನಿನ್ನೆ ಅಂಟಿಸಿದ್ದನ್ನು ಯಾರೋ ಕಿತ್ತುಹಾಕಿದ್ದಾರೆ.

"ಕೀಳ್ಲಿ ಬಿಡಿ. ಕಿತ್ತೋರ ಉಗುರು ಸವೆಯುತ್ತೆ, ನನ್ನ ಅಂಟೇನೂ ಮುಗಿಯಲ್ಲ."

ನಗರ ಯೋಜನಾ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ನೋಟಿಸ್ ಅಂಟಿಸುವುದೇ ಅವರ ಕೆಲಸ. ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಎಂಬುದನ್ನು ವಲಯ ನಿಯಮ ಹೇಳುತ್ತದೆ. ನಕ್ಷೆಯಲ್ಲಿ ಮನೆಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ, ಮೈದಾನಕ್ಕೆ ಹಸಿರು. ಬಣ್ಣ ಬದಲಿಸುವ ಮೊದಲು ಜನರಿಗೆ ತಿಳಿಸಿ, ಮೂವತ್ತು ದಿನ ಆಕ್ಷೇಪಣೆಗೆ ಕಾಯಬೇಕು. ಯಾರೂ ತುಟಿ ಬಿಚ್ಚದಿದ್ದರೆ ಬದಲಾದಂತೆಯೇ. ಹಾಗಾಗಿ ನೋಟಿಸನ್ನು ಮೆಟ್ಟಿಲ ಹಿಂದೆಯೋ ಬೀಗ ಜಡಿದ ಗೋದಾಮಿನ ಹಿಂಗೋಡೆಗೋ ಅಂಟಿಸಿಬಿಡುವುದು ಕಚೇರಿಯ ಹಳೇ ಜಾಣತನ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ಈ ಜಾಣತನ ಕಂಡರೆ ನನಗಂತೂ ಮೈ ಉರಿಯುತ್ತದೆ.

ಅಂಟಕ್ಕನೂ ಒಮ್ಮೆ ಸಾಹೇಬರು ಹೇಳಿದ ಮೂಲೆಯಲ್ಲೇ ಅಂಟಿಸಿ ಬಂದಿದ್ದರು. ಅದು ಸ್ವಂತ ತಂಗಿಯ ಬೀದಿಯ ನೋಟಿಸ್. ಓದುವ ಗೋಜಿಗೇ ಹೋಗಿರಲಿಲ್ಲ. ಮೂವತ್ತು ದಿನ ಕಳೆಯಿತು, ಹಳದಿ ನೇರಳೆಯಾಯಿತು. ಈಗ ತಂಗಿಯ ಅಡುಗೆಮನೆ ಕಿಟಕಿಯಾಚೆ ಪೇಂಟ್ ಕಾರ್ಖಾನೆ.

"ಅವಳು ಕೆಮ್ಮಿದಾಗೆಲ್ಲ, ಈ ಕೈಯಿಂದಲೇ ಆಗಿದ್ದಲ್ವಾ ಅಂತ ಸಂಕಟ ಆಗುತ್ತೆ. ಅವತ್ತಿಂದ ಓದದೆ ಒಂದನ್ನೂ ಅಂಟಿಸಿಲ್ಲ. ಮೂಲೇಲೂ ಅಂಟಿಸಿಲ್ಲ."

ಮುದುಕರೂ ಕತ್ತೆತ್ತದೆ ಓದುವಷ್ಟು ಎತ್ತರ, ಅದು ಅವರ ಅಳತೆ. ನಕ್ಷೆಯ ಮೇಲೆ ಗೀಚಬೇಡ ಎಂದು ಸಾಹೇಬರು ಗದರಿದ ಮೇಲೆ ಪಕ್ಕದ ಗೋಡೆಯಲ್ಲೇ ಸೀಮೆಸುಣ್ಣದ ಬಾಣ ಎಳೆದು 'ನೀವು ಇಲ್ಲಿದ್ದೀರಿ' ಎಂದು ಬರೆಯುತ್ತಾರೆ. ಹಾಲಿಗೆ ಹೊರಟ ಅಜ್ಜ ಒಬ್ಬರು ನಿಲ್ಲುತ್ತಾರೆ.

"ಏನಮ್ಮಾ ಇದು?"

"ನಮಗೆಲ್ಲ ಟೋಪಿ ಹಾಕೋ ಲೆಕ್ಕಾಚಾರ ಅಜ್ಜ. ಈ ಹಸಿರು ನೀಲಿ ಆದ್ರೆ ಇಲ್ಲಿ ಮಾಲ್ ಬರುತ್ತೆ. ನಿಮ್ಮ ಮೊಮ್ಮಕ್ಕಳು ಪಾರ್ಕಿಂಗ್‌ನಲ್ಲಿ ಆಡ್ಕೋಬೇಕು. ಬೇಡ ಅಂದ್ರೆ ಸಂಜೆ ಐದರೊಳಗೆ ಬರೆದುಕೊಡಿ."

"ನಂಗೆ ಬರೆಯೋಕೆ ಬರಲ್ಲ ತಾಯಿ."

"ನಂಗೆ ಬರುತ್ತೆ, ಕೂತ್ಕೊಳ್ಳಿ."

ಇವತ್ತೇ ಕೊನೆಯ ದಿನ. ಇಂಥ ನೋಟಿಸಿಗೆ ಎರಡೋ ಮೂರೋ ಆಕ್ಷೇಪಣೆ ಬಂದರೆ ಹೆಚ್ಚು. ಈ ಮೈದಾನಕ್ಕೆ ನಿನ್ನೆಯವರೆಗೆ ನಾನ್ನೂರ ಹನ್ನೆರಡು ಬಂದಿವೆ. ಇನ್ನು ಜನರನ್ನು ಕರೆದು ವಿಚಾರಣೆ ನಡೆಸದೆ ಕಚೇರಿಗೆ ಬೇರೆ ದಾರಿಯಿಲ್ಲ.

ಆ ಸಿಟ್ಟಿಗೇ ಮೊನ್ನೆ ಅಂಟಕ್ಕನಿಗೊಂದು ಮೆಮೊ ಬಂದಿದೆ. ಜನಸಂದಣಿಯ ಜಾಗದಲ್ಲಿ ಅಂಟಿಸಲು ಯಾರ ಅಪ್ಪಣೆ ಇತ್ತು ಎಂದು ಕೇಳಿದ್ದಾರೆ. ನಿವೃತ್ತಿಗೆ ಎಂಟೇ ತಿಂಗಳು. ಹೆದರಿಕೆ ಆಗಲ್ವಾ ಎನ್ನುತ್ತೇನೆ.

"ಉತ್ತರ ಕೊಟ್ಟಾಯ್ತಲ್ಲ," ಎನ್ನುತ್ತಾರೆ ಅವರು, ಅಜ್ಜನ ಅರ್ಜಿಯಿಂದ ತಲೆ ಎತ್ತದೆ. "ನೋಟಿಸಿನ ಮೊದಲನೇ ಸಾಲೇ 'ಸಾರ್ವಜನಿಕರ ಗಮನಕ್ಕೆ' ಅಂತಿದೆ. ಅದೇ ನನಗೆ ಅಪ್ಪಣೆ ಅಂತ ಬರೆದು, ಸಹಿ ಹಾಕಿ ಕೊಟ್ಟಿದ್ದೀನಿ."