ಮೂರನೇ ಸಲದ ನಗು

ರಾಮನಗರದ ನಮ್ಮ ಮನೆಗೆ ಕಲರ್ ಟೀವಿ ಬಂದದ್ದು ಎರಡು ಸಾವಿರದ ಮೂರರಲ್ಲಿ, ನನ್ನ ಸಂಬಳದಲ್ಲಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಟೀವಿ ನನ್ನದು ಎಂಬ ಸೊಕ್ಕು ಇಲ್ಲದಿದ್ದರೆ ಮುಂದಿನದು ಯಾವುದೂ ಹಾಗೆ ನಡೆಯುತ್ತಿರಲಿಲ್ಲ.

ನಾನು ವರಲಕ್ಷ್ಮಿ. ಹೆದ್ದಾರಿ ಪಕ್ಕದ ಗಾರ್ಮೆಂಟ್ಸ್ ಒಂದರಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದೆ. ಗಂಡ ಶಿವರಾಜು ಬಿಡದಿ ಕಡೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದರು. ಆ ವರ್ಷಗಳಲ್ಲಿ ನಮ್ಮ ಬೀದಿಯ ಅರ್ಧ ಮನೆಗಳು ಹೀಗೇ ಇದ್ದವು. ಬೆಳಿಗ್ಗೆ ಕಂಪನಿ ವ್ಯಾನುಗಳು ಬಂದು ದುಡಿಯುವ ವಯಸ್ಸಿನವರನ್ನೆಲ್ಲ ಹತ್ತಿಸಿಕೊಂಡು ಹೋದರೆ ಸಂಜೆಯವರೆಗೂ ಬೀದಿಯಲ್ಲಿ ವಯಸ್ಸಾದ ಹೆಂಗಸರು ಮತ್ತು ಕೂಸುಗಳದ್ದೇ ರಾಜ್ಯ. ನಮ್ಮ ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ ಪುಟ್ಟಲಕ್ಷ್ಮಮ್ಮ ಮತ್ತು ನನ್ನ ಮಗಳು ಪುಟ್ಟಿ.

ಅತ್ತೆ ಕೈಲಾಂಚದ ಕಡೆಯವರು. ಮಾವ ತೀರಿಕೊಂಡಾಗ ಶಿವರಾಜುಗೆ ನಾಲ್ಕು ವರ್ಷವಂತೆ. ಹೊಲವನ್ನು ಮೈದುನರಿಗೆ ಬಿಟ್ಟು ಮಗನ ಕೈಹಿಡಿದುಕೊಂಡು ಪಟ್ಟಣಕ್ಕೆ ಬಂದ ಅವರು ರೇಷ್ಮೆ ನೂಲಿಗೆ ಹುರಿ ಹಾಕುವ ಶೆಡ್ಡಿಗೆ ಸೇರಿಕೊಂಡರು. ತಗಡಿನ ಸೂರಿನ ಉದ್ದನೆಯ ಶೆಡ್ಡು, ಒಳಗೆ ನೂರಾರು ಕದಿರುಗಳು ಒಟ್ಟಿಗೆ ತಿರುಗುತ್ತಿದ್ದವು. ಅಲ್ಲಿ ಇಪ್ಪತ್ತೆರಡು ವರ್ಷ ನಿಂತುಕೊಂಡೇ ಕಡಿದುಹೋದ ಎಳೆಗಳನ್ನು ಗಂಟು ಹಾಕಿದರು, ಮಗನನ್ನು ಐಟಿಐ ಓದಿಸಿದರು. ನಾನು ಬರುವ ಹೊತ್ತಿಗೆ ಮಂಡಿ ನೋವೆಂದು ಕೆಲಸ ಬಿಟ್ಟಿದ್ದರು. ಮಾತು ಕಡಿಮೆ. ಕರೆದರೆ ಎಷ್ಟೋ ಸಲ ತಿರುಗಿಯೂ ನೋಡುತ್ತಿರಲಿಲ್ಲ. ಬಿಗುಮಾನ ಎಂದುಕೊಂಡೆ.

ಅವರಿಗೆ ಇದ್ದ ಹುಚ್ಚು ಒಂದೇ, ‘ಮೇಲ್ಮನೆ ಕೆಳಮನೆ’ ಎಂಬ ಹಳೆಯ ನಗೆ ಧಾರಾವಾಹಿ. ಕೆಳಗೆ ಮನೆ ಯಜಮಾನ, ಮೇಲೆ ಬಾಡಿಗೆಯವರು, ಮೇಲಿನ ಬಚ್ಚಲ ನೀರು ಕೆಳಗೆ ಸೋರುವುದು, ಇಷ್ಟೇ ಕತೆ. ಅದು ಎಂದೋ ಮುಗಿದುಹೋಗಿತ್ತು. ಒಂದು ಚಾನೆಲ್ಲಿನವರು ದಿನಾ ಸಂಜೆ ಆರೂವರೆಗೆ ಅದನ್ನೇ ಮತ್ತೆ ಮತ್ತೆ ಹಾಕುತ್ತಿದ್ದರು. ಕೊನೆಯ ಕಂತು ಮುಗಿದರೆ ಮಾರನೆಯ ದಿನ ಮೊದಲನೆಯದು. ಒಂದು ಕಂತಿನಲ್ಲಿ ಯಜಮಾನ ಜಗಳಕ್ಕೆಂದೇ ಪಂಚೆ ಎತ್ತಿಕಟ್ಟಿ ಮೆಟ್ಟಿಲು ಹತ್ತುತ್ತಾನೆ. ಮೇಲ್ಮನೆಯ ಹೆಂಗಸು ಬಿಸಿಬಿಸಿ ಉಪ್ಪಿಟ್ಟಿನ ತಟ್ಟೆ ಕೈಗಿಡುತ್ತಾಳೆ. ಪೂರ್ತಿ ತಿಂದು, ಬಂದದ್ದೇ ಮರೆತು, ಬಾಗಿಲ ಬಳಿ ನಿಂತು ಏನಾದರೂ ದೂರಲೇಬೇಕಲ್ಲ ಎಂದು “ಉಪ್ಪು ಸ್ವಲ್ಪ ಕಡಿಮೆ” ಎನ್ನುತ್ತಾನೆ. ಅವನು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಕಡೆ ತಿರುಗಿ, “ಈಗ ನೋಡು, ಉಪ್ಪು ಕಮ್ಮಿ ಅಂತಾನೆ” ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ಅವನು ಹಾಗೆಂದ ಕೂಡಲೇ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಪ್ರತಿ ಕಂತಿನಲ್ಲೂ ಹೀಗೇ. ಯಾರು ಬಾಗಿಲು ತಟ್ಟುತ್ತಾರೆ, ಯಾರು ಜಾರಿ ಬೀಳುತ್ತಾರೆ, ಎಲ್ಲವೂ ಮುಂಚಿತವಾಗಿ.

ದಿನವಿಡೀ ಮೆಷಿನ್ನಿನ ಮುಂದೆ ಕೂತು ಬಂದ ನನಗೆ ರೇಗುತ್ತಿತ್ತು.

“ಸುಮ್ನೆ ಇರಿ ಅತ್ತೆ, ಒಸಿ ನೋಡಾಕಾದ್ರೂ ಬುಡಿ. ಎಲ್ಲಾನೂ ಮುಂಚೇನೇ ಹೇಳ್ಬುಟ್ರೆ ನಾವ್ಯಾಕೆ ನೋಡ್ಬೇಕು?”

ಅವರು ಪರದೆಯ ಕಡೆ ತಿರುಗುತ್ತಿದ್ದರು. ನಾನು ಹೊಸ ಧಾರಾವಾಹಿ ಹಾಕಿದರೆ ಐದು ನಿಮಿಷ ಕೂತಿದ್ದು, ಮೊರ ತೆಗೆದುಕೊಂಡು ಅಕ್ಕಿ ಆರಿಸಲು ಹೋಗುತ್ತಿದ್ದರು. ನಾನು ತಂದ ಟೀವಿಯಲ್ಲಿ ನಾನು ನೋಡುವುದು ಇವರಿಗೆ ಆಗುವುದಿಲ್ಲ ಎಂದುಕೊಂಡೆ. ನಲ್ಲಿಯ ಹತ್ತಿರ ನಾಲ್ಕು ಹೆಂಗಸರ ಮುಂದೆ, “ನಮ್ಮತ್ತೆಗೆ ಅರಳುಮರಳು ಕಣ್ರೀ, ನೋಡಿದ್ದೇ ನೋಡ್ತರೆ, ನಕ್ಕಿದ್ದಕ್ಕೇ ನಗ್ತರೆ” ಎಂದು ಆಡಿಕೊಂಡೆ. ಯಾರೂ ನಗಲಿಲ್ಲ. ಆಗ ಅದೂ ನನಗೆ ವಿಚಿತ್ರ ಅನಿಸಲಿಲ್ಲ.

ಎರಡು ಸಾವಿರದ ಐದರ ಶ್ರಾವಣದ ಒಂದು ಸಂಜೆ ವ್ಯಾನಿನಿಂದ ಇಳಿದು ಬೀದಿ ತಿರುಗುತ್ತಿದ್ದಂತೆಯೇ ಪುಟ್ಟಿಯ ಅಳು ಕೇಳಿಸಿತು. ಅದು ಹಟದ ಅಳುವಾಗಿರಲಿಲ್ಲ. ಓಡಿದೆ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ಬಿದ್ದಿದ್ದಳು. ಎರಡು ವರ್ಷದ ಕೂಸು. ಹುಬ್ಬು ಒಡೆದು ಮುಖದ ತುಂಬ ರಕ್ತ ಇಳಿದಿತ್ತು, ಅತ್ತು ಅತ್ತು ದನಿ ಕಟ್ಟಿಹೋಗಿತ್ತು. ಎತ್ತಿಕೊಂಡು ಒಳಗೆ ಬಂದರೆ ನಡುಮನೆಯಲ್ಲಿ ಅತ್ತೆ ಟೀವಿಯ ಮುಂದೆ ಕೂತು, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ನಾನು ಎದುರಿಗೆ ಹೋಗಿ ನಿಂತ ಮೇಲಷ್ಟೇ ಅವರು ನೋಡಿದ್ದು. ಆ ನಗು ಮುಖದಿಂದ ಇಳಿದುಹೋದ ರೀತಿ ಈಗಲೂ ನನ್ನ ಕಣ್ಣ ಮುಂದಿದೆ. ಎದ್ದವರೇ ಮಗುವಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

ಡಾಕ್ಟರು ಮೂರು ಹೊಲಿಗೆ ಹಾಕಿದರು. ಮನೆಗೆ ಬಂದು ಮಗುವನ್ನು ಮಲಗಿಸಿದ ಮೇಲೆ ನನ್ನ ಬಾಯಿ ಹರಿಯಿತು.

“ಮಗೀಗಿಂತ ಆ ಸೀರಿಯಲ್ ಹೆಚ್ಚಾಯ್ತಾ ನಿಮ್ಗೆ? ನೂರು ಸಲ ನೋಡಿರೋದ್ನ ಇನ್ನೇನು ನೋಡೀರಿ? ಮಗು ರಕ್ತ ಸುರಿಸ್ಕಂಡು ಅಳ್ತಾ ಅದೆ, ನೀವು ಹಲ್ಲು ಕಿರೀತಾ ಕೂತಿದ್ದೀರಲ್ಲ!”

“ನೋಡ್ಲಿಲ್ಲ ಕಣವ್ವ” ಎಂದರು ಅತ್ತೆ. ಅಷ್ಟೇ. ಕೇಳಲಿಲ್ಲ ಎನ್ನಲಿಲ್ಲ. ನಾನು ಟೀವಿಯ ಹಿಂದಿನ ಕೇಬಲ್ ವೈರನ್ನು ಕಿತ್ತು ಸುತ್ತಿ ಅಲ್ಮೇರಾದ ಮೇಲೆ ಎಸೆದೆ.

ಮಾರನೆಯ ದಿನ ನಾನು ಕೆಲಸಕ್ಕೆ ರಜ ಹಾಕಿದೆ. ಎರಡನೆಯ ದಿನ ಹಾಕಲು ಆಗಲಿಲ್ಲ. ಮಗುವನ್ನು ಅವರ ಬಳಿಯೇ ಬಿಟ್ಟೆ. ಆವತ್ತಿನಿಂದ ಅತ್ತೆ ಬೇರೆಯೇ ಆದರು. ಒಂದು ಹಳೆಯ ಸೀರೆಯ ಅಂಚು ಹರಿದು, ಅದರ ಒಂದು ತುದಿಯನ್ನು ಪುಟ್ಟಿಯ ಉಡಿದಾರಕ್ಕೂ ಇನ್ನೊಂದನ್ನು ತಮ್ಮ ಮಣಿಕಟ್ಟಿಗೂ ಕಟ್ಟಿಕೊಂಡರು. ಸೊಪ್ಪು ಸೋಸುವಾಗಲೂ, ಪಾತ್ರೆ ತೊಳೆಯುವಾಗಲೂ ಅದನ್ನು ಬಿಚ್ಚುತ್ತಿರಲಿಲ್ಲ. ಮಗುವಿನ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಭಾನುವಾರ ನಾನು ವೈರು ಸಿಕ್ಕಿಸಿ ಟೀವಿ ಹಾಕಿದರೆ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ನನಗೆ ಬುದ್ಧಿ ಕಲಿಸಲು ನಾಟಕ ಆಡುತ್ತಿದ್ದಾರೆ ಎಂದುಕೊಂಡೆ. ಇಡೀ ಎರಡೂವರೆ ತಿಂಗಳು ಹಾಗೆಯೇ ಅಂದುಕೊಂಡೆ.

ರಂಜಾನ್ ಹಬ್ಬದ ಮಾರನೆಯ ದಿನ ತಾಹೇರಾ ಆಪಾ ಡಬ್ಬಿಯಲ್ಲಿ ಶಾವಿಗೆ ಪಾಯಸ ತಂದರು. ಎರಡು ಮನೆ ಆಚೆಯವರು, ಅತ್ತೆಯ ಜೊತೆ ಅದೇ ಶೆಡ್ಡಿನಲ್ಲಿ ಎದುರುಬದುರು ನಿಂತು ದುಡಿದವರು. ಮಾಗಡಿಯಲ್ಲಿದ್ದ ಮಗಳ ಬಾಣಂತನ ಮುಗಿಸಿ ಹಬ್ಬಕ್ಕೆಂದು ಆಗಷ್ಟೇ ಊರಿಗೆ ಬಂದಿದ್ದರು. ಅತ್ತೆ ಪುಟ್ಟಿಯನ್ನು ಕರೆದುಕೊಂಡು ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದರು.

“ಆರೂವರೆ ಆಯ್ತಲ್ಲಮ್ಮ, ಟೀವಿ ಯಾಕೆ ಹಾಕಿಲ್ಲ? ಲಕ್ಷ್ಮಮ್ಮಂದು ಟೈಮು” ಎಂದರು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನ ಕಡೆಯೇ ಆಗುತ್ತಾರೆ ಎಂಬ ಧೈರ್ಯದಲ್ಲಿ ಒಂದೆರಡು ಮಾತು ಹೆಚ್ಚಿಗೇ ಹೇಳಿದೆ. ಆಪಾ ತೆರೆಯುತ್ತಿದ್ದ ಡಬ್ಬಿಯ ಮುಚ್ಚಳವನ್ನು ಮತ್ತೆ ಒತ್ತಿ ಮುಚ್ಚಿದರು.

“ಕಿವಿ ಎಲ್ಲೈತಮ್ಮ ಅವ್ಳಿಗೆ? ನಿಂಗೆ ಗೊತ್ತಿಲ್ವಾ?”

“ಏನಂದ್ರಿ?”

“ಆ ಶೆಡ್ನ ಸದ್ದಿನಾಗೆ ಇಪ್ಪತ್ತು ವರ್ಷ ನಿಂತೋರ್ದು ಕಿವಿ ಉಳೀತದಾ? ನಂದೂ ಅರ್ಧ ಹೋಗೈತೆ. ಅವ್ಳದು ಪೂರಾ. ಅಲ್ಲಿ ನಾವು ಮಾತಾಡ್ತಿದ್ದಿದ್ದೇ ತುಟಿ ನೋಡ್ಕಂಡು.”

ಆಪಾ ಒಂದೊಂದಾಗಿ ಹೇಳಿದರು. ಆ ಧಾರಾವಾಹಿ ಮೊದಲ ಸಲ ಬರುತ್ತಿದ್ದಾಗ ಇಬ್ಬರೂ ಆಪಾ ಮನೆಯಲ್ಲಿ ಕೂತು ನೋಡುತ್ತಿದ್ದರಂತೆ. ಯಾರು ಏನೆಂದರು ಎಂದು ಆಪಾ ಮುಖ ತಿರುಗಿಸಿ, ತುಟಿ ಬಿಡಿಸಿ ಹೇಳಬೇಕಿತ್ತು. “ಮೊದಲ್ನೇ ಸಲ ನಾನು ಹೇಳೋದು. ಎರಡ್ನೇ ಸಲ ಬಂದಾಗ ಯಾವ ಮಾತು ಯಾರ ಬಾಯ್ದು ಅಂತ ಅವ್ಳು ಹೊಂದಿಸ್ಕೊಳ್ಳೋದು. ಮೂರ್ನೇ ಸಲಕ್ಕೆ ನಗು ಬರೋದು. ಎಲ್ರಿಗೂ ಹಳೇದಾದ್ಮೇಲೇನೇ ಅವ್ಳಿಗೆ ಅದು ಹೊಸಾದು. ನೀನು ಬೇರೆ ಹಾಕಿದ್ರೆ ಬರೀ ಬಾಯಿ ಆಡೋದು ಕಾಣ್ತದೆ, ಇನ್ನೇನು ಮಾಡ್ತಾಳೆ, ಎದ್ದು ಹೋಗ್ತಾಳೆ.”

“ಮುಂಚೇನೇ ಹೇಳೋದ್ಯಾಕೆ ಮತ್ತೆ?” ಎಂದೆ.

“ಸರಿಯಾಗಿ ತಿಳ್ಕೊಂಡಿದೀನಾ ಅಂತ ನಿನ್ ಮುಖ ನೋಡಾಕೆ ಕಣಮ್ಮ.”

ನಾನು ಆ ಮುಖದಲ್ಲಿ ಏನು ತೋರಿಸಿದ್ದೆ ಎಂಬುದು ನನಗೆ ಗೊತ್ತಿತ್ತು.

“ಯಾಕೆ ಹೇಳ್ಲಿಲ್ಲ ನಂಗೆ? ಒಂದ್ ಮಾತು ಹೇಳಿದ್ರೆ...”

“ಹೇಳಿದ್ರೆ ನೀನು ಮಗೀನ ಬುಟ್ಟು ಹೋಗ್ತಿದ್ದಾ?”

ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಅವಳೇ ಯಾರೂ ಹೇಳಬಾರದೆಂದು ಕೇಳಿಕೊಂಡಿದ್ದಳು ಎಂದೂ ಆಪಾ ಹೇಳಿದರು. ಶಿವರಾಜು ಶಿಫ್ಟು ಮುಗಿಸಿ ಬಂದಾಗ ಕೇಳಿದೆ. ಅವರು ಶರ್ಟಿನ ಗುಂಡಿ ಬಿಚ್ಚುತ್ತಾ, “ನಮ್ಮವ್ವಂಗೆ ಭುಜ ಮುಟ್ಟಿ, ಎದುರ್ಗೆ ನಿಂತ್ಕಂಡು ಮಾತಾಡ್ಬೇಕು. ನಾನು ಚಿಕ್ಕೋನಿದ್ದಾಗ್ಲಿಂದ ಹಂಗೇ ಅಲ್ವಾ” ಎಂದರು. ಅಮ್ಮಂದಿರೆಲ್ಲ ಹಾಗೆಯೇ ಇರುತ್ತಾರೆಂದು ಅಂದುಕೊಂಡು ಬೆಳೆದವರಂತೆ ಹೇಳಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಆದರೆ ಐದು ವರ್ಷ ಅದೇ ಮನೆಯಲ್ಲಿದ್ದ ನಾನು ಒಂದು ದಿನವಾದರೂ ಅತ್ತೆಯ ಭುಜ ಮುಟ್ಟಿ ಮಾತಾಡಿಸಿದ್ದರೆ ತಾನೇ.

ಮುಂದಿನ ಭಾನುವಾರ ಕೇಬಲ್ ವೈರು ಹಾಕಿದೆ. ಅತ್ತೆ ಕೂರಲಿಲ್ಲ, ಪುಟ್ಟಿಯ ಹಿಂದೆಯೇ ಇದ್ದರು. ನಾನೊಬ್ಬಳೇ ಕೂತು, ದನಿಯನ್ನು ಪೂರ್ತಿ ಇಳಿಸಿ, ಅಂದು ಬಂದ ಆ ಉಪ್ಪಿಟ್ಟಿನ ಕಂತನ್ನೇ ನೋಡಿದೆ. ಮಾತುಗಳು ನನಗೂ ಬಾಯಿಪಾಠ ಆಗಿಹೋಗಿದ್ದವು. ಹಾಗಾಗಿ ಕಣ್ಣಿಗೆ ಬಿಡುವು ಸಿಕ್ಕಿತು. ಯಜಮಾನ ಜಗಳ ಮರೆಯುವ ಮೊದಲೇ ಅವನ ಕೈ ಪಂಚೆಯನ್ನು ಇಳಿಬಿಡುತ್ತದೆ. ಹಿಂದೆ ಕೆಳಮನೆಯ ಕಿಟಕಿಯಲ್ಲಿ ನಿಂತ ಅವನ ಹೆಂಡತಿ, ಗಂಡ ಸೋಲುತ್ತಾನೆಂದು ಗೊತ್ತಿದ್ದೂ ಪ್ರತಿ ಸಲ ಆಸೆಯಿಂದ ಮೇಲೆ ನೋಡುತ್ತಾಳೆ. ಅಷ್ಟು ಸಲ ಕಣ್ಣು ಹಾಯಿಸಿದ್ದರೂ ಆ ಹೆಂಗಸು ಅಲ್ಲಿರುವುದನ್ನೇ ನಾನು ಕಂಡಿರಲಿಲ್ಲ. ಮುಂದೇನಾಗುತ್ತದೆ ಎಂಬ ಕಾತರ ತೀರಿದ ಮೇಲೆ, ಆ ಮುಖಗಳ ಜೊತೆ ಸುಮ್ಮನೆ ಕೂತಿರುವ ಸುಖ ಒಂದಿದೆ. ಅತ್ತೆ ಅದನ್ನು ದಿನಕ್ಕೆ ಅರ್ಧ ಗಂಟೆ ಅನುಭವಿಸುತ್ತಿದ್ದರು. ನಾನು ಅದನ್ನು ಸುತ್ತಿ ಅಲ್ಮೇರಾದ ಮೇಲೆ ಎಸೆದಿದ್ದೆ. ನನಗೆ ನಗು ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು.

ಆವತ್ತೇ ಅವರ ಎದುರು ಕೂತು, ಭುಜ ಮುಟ್ಟಿ, “ತಪ್ಪಾಯ್ತು ಅತ್ತೆ. ನಂಗೆ ಗೊತ್ತಿರ್ಲಿಲ್ಲ” ಎಂದೆ.

ಅವರು ನನ್ನ ತುಟಿಯನ್ನು ನೋಡಿದರು. ತಾಹೇರಾ ಹೇಳಿದ್ದಾಳೆಂದು ಅವರಿಗೆ ತಿಳಿದುಹೋಯಿತು.

“ನಿಂದೇನವ್ವ ತಪ್ಪು” ಎಂದರು. “ಕಿವುಡಿ ಅಂತ ಹೇಳ್ದೆ ಮಗೀನ ಇಸ್ಕಂಡಿದ್ದು ನಾನು. ಇನ್ಮ್ಯಾಕೆ ಕೊಡಬ್ಯಾಡ ಅಂದ್ರೂ ಸರಿ.”

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಪುಟ್ಟಿಯನ್ನು ಅವರಿಂದ ತೆಗೆಯಲಿಲ್ಲ. ಹಗಲು ಆಪಾ ಬಂದು ಜೊತೆಗೆ ಕೂರತೊಡಗಿದರು. ಮುಂದಿನ ವರ್ಷ ಕೆಂಗಲ್‌ನಲ್ಲಿ ಕಿವಿ ತಪಾಸಣೆಯ ಶಿಬಿರ ಹಾಕಿದಾಗ ಅತ್ತೆಯನ್ನು ಕರೆದುಕೊಂಡು ಹೋದೆ. ಕಿವಿಯ ಹಿಂದೆ ಸಿಕ್ಕಿಸುವ ಯಂತ್ರ ಕೊಟ್ಟರು. ಹಾಕಿದಾಕ್ಷಣ ಅವರು ರಸ್ತೆಯ ಕಡೆ ತಿರುಗಿ ಲಾರಿಗಳನ್ನು ನೋಡಿದರು. ನಾನು, “ಕೇಳಿಸ್ತಾ ಅತ್ತೆ?” ಎಂದೆ.

ಅವರು ನನ್ನ ಕಡೆ ತಿರುಗಿದರು. “ನಿನ್ ದನಿ ಇಂಗಿರ್ತದಾ? ಒಸಿ ಮೆತ್ತಗಿರ್ತದೆ ಅಂದ್ಕಂಡಿದ್ದೆ.”

ಬಸ್ಸಿನಲ್ಲಿ ವಾಪಸ್ ಬರುವಾಗ ಕಂಡಕ್ಟರನ ಹತ್ತಿರ ಟಿಕೆಟ್ಟನ್ನೂ ಮೆತ್ತಗೆ ಕೇಳಿದೆ.

ಸಂಜೆ ಯಂತ್ರ ಹಾಕಿಕೊಂಡೇ ಟೀವಿ ಮುಂದೆ ಕೂತರು. ಎರಡು ನಿಮಿಷಕ್ಕೆ ಹುಬ್ಬು ಗಂಟಿಕ್ಕಿದರು. “ಯಾರು ಇವರೆಲ್ಲ ನಗ್ತಾ ಇರೋದು? ಎಲ್ಲವ್ರೆ?” ಅದು ಪರದೆಯ ಹಿಂದೆ ಸೇರಿಸಿದ ನಗು, ಮಾತು ಮುಗಿದಾಗಲೆಲ್ಲ ಬರುತ್ತದೆ ಎಂದು ವಿವರಿಸಿದೆ. “ಅವನಿನ್ನೂ ಮುಖ ಮುಗಿಸೇ ಇಲ್ಲ, ಆಗ್ಲೇ ನಗ್ತರೆ” ಎಂದು ಯಂತ್ರ ತೆಗೆದು ಮಡಿಲಲ್ಲಿಟ್ಟುಕೊಂಡರು. ಹಗಲು ಪುಟ್ಟಿಗಾಗಿ ಹಾಕಿಕೊಳ್ಳುವುದು, ಆರೂವರೆಗೆ ತೆಗೆಯುವುದು, ಹಾಗೇ ಅಭ್ಯಾಸವಾಯಿತು. ನಗುವುದಕ್ಕೂ ಶುರು ಮಾಡಿದರು. ಮೊದಲಿನಷ್ಟು ಜೋರಾಗಿ ಅಲ್ಲ, ನಡುನಡುವೆ ಮಗು ಎಲ್ಲಿದೆ ಎಂದು ತಿರುಗಿ ನೋಡಿಕೊಂಡು.

ಎರಡು ಸಾವಿರದ ಎಂಟರಲ್ಲಿ ಚಾನೆಲ್ಲಿನವರು ಹೇಳದೆ ಕೇಳದೆ ಆ ಧಾರಾವಾಹಿ ನಿಲ್ಲಿಸಿಬಿಟ್ಟರು. ಅದೇ ಹೊತ್ತಿಗೆ ಹೊಸದೊಂದು ನಗೆ ಧಾರಾವಾಹಿ ಬಂತು, ಬ್ಯಾಂಕಿನ ಗುಮಾಸ್ತರದು. ಆಪಾ ಆ ವೇಳೆಗೆ ಮಾಗಡಿಯ ಮಗಳ ಮನೆಗೇ ಹೊರಟುಹೋಗಿದ್ದರು. ಯಂತ್ರ ಹಾಕಿಕೊಂಡರೆ ಆ ನಗೆಯ ಗದ್ದಲದಲ್ಲಿ ಮಾತೇ ತಿಳಿಯುವುದಿಲ್ಲ ಎನ್ನುತ್ತಾರೆ ಅತ್ತೆ. ಅದಕ್ಕೇ ನನ್ನ ಮುಖ ಕಾಣುವಂತೆ ಚಾಪೆ ಎಳೆದುಕೊಂಡು ಕೂರುತ್ತಾರೆ.

“ಏನಂದ ಅವ್ನು?”

ಹೇಳುತ್ತೇನೆ, ತುಟಿ ಬಿಡಿಸಿ, ನಿಧಾನವಾಗಿ. ಆಪಾಗೆ ಬರುತ್ತಿದ್ದ ಹಾಗೆ ನನಗೆ ಬರುವುದಿಲ್ಲ. ನಗೆಯ ಮಾತು ನನ್ನ ಬಾಯಲ್ಲಿ ಬಿದ್ದರೆ ಸಪ್ಪೆಯಾಗುತ್ತದೆ. ಅವರು ಕಾಯುತ್ತಾರೆ. ಆದರೆ ಗಾರ್ಮೆಂಟ್ಸಿನಲ್ಲಿ ದಿನದ ಟಾರ್ಗೆಟ್ ಮುಗಿಸಿ, ಬೆನ್ನು ಹಿಡಿದುಕೊಂಡು ಬಂದ ದಿನ, “ಏನಿಲ್ಲ ಅತ್ತೆ, ಸುಮ್ನೆ ಏನೋ ಅಂದ” ಎಂದುಬಿಡುತ್ತೇನೆ. ವಾರದಲ್ಲಿ ಎರಡು ದಿನವಾದರೂ ಹಾಗಾಗುತ್ತದೆ. ಅವರು ಹೂಂ ಎಂದು ತಲೆ ಆಡಿಸಿ, ಮತ್ತೆ ಪರದೆಯ ಕಡೆ ತಿರುಗಿ, ಆ ಬಾಯಿಗಳನ್ನು ಗಮನವಿಟ್ಟು ನೋಡುತ್ತಾರೆ.