ಪೋಸ್ಟರಿನ ಕೂಸು ನನ್ನದು

ತೊಂಬತ್ತರ ದಶಕದ ನಡುವಿನಲ್ಲಿ ನಾವು ನೀಲಗಿರಿಯ ಮಸಿನಗುಡಿಯಲ್ಲಿದ್ದೆವು. ಗಂಡನಿಗೆ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಪಾಳಿಯ ಕೆಲಸ, ನನಗೆ ತಾಯಂದಿರ ಆರೋಗ್ಯ ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆಯಲ್ಲಿ. ನಾನು ಗುಂಡ್ಲುಪೇಟೆ ಕಡೆಯವಳು. ಕನ್ನಡ ಮನೆಯದು, ತಮಿಳು ಬಸ್ಸಿನಲ್ಲಿ ಕಲಿತದ್ದು. ಊರೂರಿಗೆ ಹೋಗಿ ಬಸುರಿ ಬಾಣಂತಿಯರನ್ನು ಕೂರಿಸಿಕೊಂಡು ಮಾತಾಡುವುದು ನನ್ನ ಕೆಲಸ, ಮಾತಾಡುವುದರಲ್ಲಿ ನಾನು ಗಟ್ಟಿಗಿತ್ತಿ. ಮಗುವಿಗೆ ಎದೆಹಾಲೇ ಕೊಡಿ, ಡಬ್ಬಿಯ ಪುಡಿ ಹಾಲು ವಿಷವೆಂದೇ ತಿಳಿಯಿರಿ ಎಂದು ನಾನು ಹೇಳಿದರೆ ಮುದುಕಿಯರೂ ತಲೆದೂಗುತ್ತಿದ್ದರು.

ಆ ವಿಷದ ಡಬ್ಬಿ ನನ್ನ ಅಡುಗೆಮನೆಯಲ್ಲೇ ಇತ್ತು, ಅಕ್ಕಿ ಡ್ರಮ್ಮಿನ ಹಿಂದೆ. ಮಗಳು ಹುಟ್ಟಿದ ಎರಡನೆಯ ತಿಂಗಳಿಗೇ ನನ್ನ ಹಾಲು ಬತ್ತಿತು. ತವರಿನಿಂದ ಬಂದ ಬೆಳ್ಳುಳ್ಳಿ ತಿಂದೆ, ಸಬ್ಬಸಿಗೆ ಸೊಪ್ಪು ತಿಂದೆ, ಯಾರೋ ಹೇಳಿದರೆಂದು ಒಣಮೀನನ್ನೂ ತಿಂದೆ. ನನ್ನ ಮೈ ದಪ್ಪವಾಯಿತೇ ಹೊರತು ಮಗಳ ಹೊಟ್ಟೆ ತುಂಬಲಿಲ್ಲ. ಈ ಸಂಗತಿ ಗಂಡನಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ನನ್ನ ಮಾತು ಯಾರು ಕೇಳುತ್ತಾರೆ?

ರಜೆ ಮುಗಿದಾಗ ಮಗುವನ್ನು ನೋಡಿಕೊಳ್ಳಲು ಒಬ್ಬಳನ್ನು ಗೊತ್ತು ಮಾಡಿಕೊಂಡೆ. ಕಾಡಂಚಿನ ಇರುಳಿಗರ ಹಾಡಿಯವಳು, ನನಗಿಂತ ಚಿಕ್ಕವಳು. ಗಂಡ ಅರಣ್ಯ ಇಲಾಖೆಯಲ್ಲಿ ಬೇಸಿಗೆಗೆ ಮುಂಚೆ, ಕಾಡ್ಗಿಚ್ಚು ಹರಡದಂತೆ ಬೆಂಕಿ ಗೆರೆ ಕಡಿಯುವ ಕೂಲಿಗೆ ಹೋಗುತ್ತಿದ್ದ. ಅವಳಿಗೂ ಕಂಕುಳಲ್ಲಿ ಒಂದು ಗಂಡು ಕೂಸು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡದು. ಅದನ್ನೂ ಕರೆದುಕೊಂಡೇ ಬರುತ್ತಿದ್ದಳು. ಡಬ್ಬಿ ಎಲ್ಲಿದೆ, ಪುಡಿ ಹೇಗೆ ಕಲಸುವುದು ಎಂದು ಅವಳಿಗೆ ತೋರಿಸಿಕೊಟ್ಟಿದ್ದೆ. ಮಾತು ಕಡಿಮೆ. ನನ್ನೊಂದಿಗೆ ನನ್ನೂರಿನವರ ಹಾಗೆಯೇ ಕನ್ನಡ ಆಡುತ್ತಿದ್ದಳು, ಕೂಸುಗಳೊಂದಿಗೆ ಮಾತ್ರ ಅವಳ ಹಾಡಿಯ ನುಡಿ.

ಒಂದು ಮಧ್ಯಾಹ್ನ ಬಸ್ಸು ಕೆಟ್ಟು ಬೇಗ ಮನೆಗೆ ಬಂದೆ. ಹಿತ್ತಲ ಜಗಲಿಯ ಮೇಲೆ ಅವಳು ಕಾಲು ಚಾಚಿ ಕೂತಿದ್ದಳು, ನನ್ನ ಮಗಳು ಅವಳ ಎದೆಗೆ ಬಾಯಿಟ್ಟು ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಏನಿದು ಎಂದು ಕಿರುಚಿದೆ.

ಅವಳು ಹೆದರಲೂ ಇಲ್ಲ, ಸೆರಗು ಎಳೆದುಕೊಳ್ಳಲೂ ಇಲ್ಲ. “ನೀವೇ ನಮ್ಮಾಡಿಗೆ ಬಂದು ಡಬ್ಬಿ ಆಲು ಇಸ ಅಂದ್ರಲ್ಲಕ್ಕ. ಇಸವ ಕೂಸ್ಗೆ ಎಂಗೆ ಕುಡ್ಸನ?” ಎಂದಳು. ಅವರ ಹಾಡಿಯಲ್ಲಿ ಅತ್ತ ಕೂಸನ್ನು ಹತ್ತಿರವಿದ್ದವಳು ಎತ್ತಿ ಎದೆಗೆ ಹಾಕಿಕೊಳ್ಳುತ್ತಾಳೆ, ಹೆತ್ತವಳು ಕಾಡಿನಿಂದ ಬರುವ ತನಕ ಯಾರೂ ಕಾಯಿಸುವುದಿಲ್ಲ. ಅವಳಿಗೆ ಇದರಲ್ಲಿ ಕೇಳಿ ಒಪ್ಪಿಗೆ ಪಡೆಯುವಂಥದ್ದೇನೂ ಕಾಣಲಿಲ್ಲ. ಡಬ್ಬಿಯನ್ನು ತೆಗೆದು ನೋಡಿದೆ, ನಾನು ರಾತ್ರಿ ಕಲಸುವ ಒಂದೆರಡು ಚಮಚ ಬಿಟ್ಟರೆ ವಾರಗಳಿಂದ ಅದರ ಪುಡಿ ಇಳಿದೇ ಇರಲಿಲ್ಲ.

ನನ್ನ ಗಂಡ ಕೇಳಿ ನಕ್ಕುಬಿಟ್ಟರು. “ಮಗು ಗುಂಡು ಗುಂಡಾಗಿದೆ, ಜ್ವರವಿಲ್ಲ, ಭೇದಿಯಿಲ್ಲ. ನಿನಗೇನು ನಷ್ಟ?” ಎಂದರು. ಗಂಡಸರಿಗೆ ಹೇಗೆ ಹೇಳುವುದು? ಮಗಳ ಕೆನ್ನೆ ತುಂಬಿಕೊಂಡಿತ್ತು ನಿಜ. ಆದರೆ ಆ ಕೆನ್ನೆ ನೋಡಿದಾಗಲೆಲ್ಲ ಅದು ಯಾರು ತುಂಬಿದ ಕೆನ್ನೆ ಎಂದು ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು. ಅವಳನ್ನು ಬಿಡಿಸಿಬಿಡೋಣ ಎಂದು ಎಷ್ಟೋ ಸಲ ಅಂದುಕೊಂಡೆ. ಪೂರ್ತಿ ಡಬ್ಬಿಗೇ ವಾಪಸ್ಸು ಹೋಗಲೂ ಮನಸ್ಸು ಬರಲಿಲ್ಲ. ಹಾಗಾಗಿ ಕಂಡೂ ಕಾಣದವಳಂತೆ ಇದ್ದುಬಿಟ್ಟೆ.

ಅದೇ ದಿನಗಳಲ್ಲಿ ನಮ್ಮ ಸಂಸ್ಥೆಯ ಕೆಲಸ ನೋಡಲು ಒಬ್ಬ ವಿದೇಶಿ ಹೆಂಗಸು ಬಂದಳು. ಯಾವುದೋ ಚಳಿ ದೇಶದವಳು, ಕುತ್ತಿಗೆಯಲ್ಲಿ ಸದಾ ಕ್ಯಾಮೆರಾ. ಹಾಡಿಯಲ್ಲಿ ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ನಮ್ಮ ಕಡೆ, ಹುಟ್ಟಿದ ಕೆಲವೇ ದಿನಕ್ಕೆ ಕೂಸನ್ನು ಬೇರೆ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತೇವೆ ಎಂದಳು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಒಬ್ಬ ಮುದುಕಿ ಮೆಲ್ಲಗೆ, “ಅಯ್ಯೋ, ಆ ಕೂಸು ಏನ್ ತಪ್ಪ ಮಾಡಿತ್ತು?” ಎಂದು ಕೇಳಿದಳು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಮುದುಕಿಯ ಮುಖ ನೋಡಿಯೇ ವಿದೇಶಿ ಹೆಂಗಸಿಗೆ ಅರ್ಥವಾಗಿರಬೇಕು, ತನ್ನ ಇಬ್ಬರು ಮಕ್ಕಳೂ ಹಾಗೇ ಬೆಳೆದರು ಎಂದು ತಲೆ ತಗ್ಗಿಸಿದಳು.

ಆ ವಿದೇಶಿ ಹೆಂಗಸನ್ನು ಒಂದು ದಿನ ಮನೆಗೆ ಊಟಕ್ಕೆ ಕರೆದಿದ್ದೆ. ಊಟ ಮುಗಿದು ನಾನು ಕಾಫಿ ಕಾಯಿಸಲು ಒಳಗೆ ಹೋದೆ. ಲೋಟ ಹಿಡಿದು ಹಿತ್ತಲಿಗೆ ಬರುವಷ್ಟರಲ್ಲಿ ಅತಿಥಿ, ಜಗಲಿಯ ಮೇಲೆ ನನ್ನ ಮಗಳಿಗೆ ಹಾಲೂಡಿಸುತ್ತಿದ್ದ ಹಾಡಿಯವಳ ಎದುರು ಮಂಡಿಯೂರಿ ಫೋಟೋ ತೆಗೆಯುತ್ತಿದ್ದಳು. ಕಣ್ಣಲ್ಲಿ ನೀರು. “ಎಂಥ ತಾಯಿ! ಆ ಮಗು ಅವಳನ್ನೇ ನೋಡುವುದು ನೋಡು!” ಎಂದಳು. ಆ ಮಗು ನನ್ನದು ಎಂಬ ಮಾತು ಗಂಟಲ ತನಕ ಬಂತು. ನನ್ನದಾದರೆ ಅಲ್ಲಿ ಯಾಕಿದೆ ಎಂದು ಅವಳು ಕೇಳಿಯೇ ಕೇಳುತ್ತಾಳೆ, ಊಟಿಯಲ್ಲಿರುವ ನಮ್ಮ ಸಂಸ್ಥೆಯ ಆಫೀಸಿಗೆ ಹೋಗಿ ಹೇಳಿಯೇ ಹೇಳುತ್ತಾಳೆ. ಬಾಯಿ ಮುಚ್ಚಿಕೊಂಡು ಕಾಫಿ ಕೊಟ್ಟೆ.

ಕೆಲವು ತಿಂಗಳ ಮೇಲೆ ಊಟಿಯಿಂದ ಒಂದು ಕಟ್ಟು ಪೋಸ್ಟರ್ ಬಂತು. ಬಿಚ್ಚಿ ಹರಡಿದೆ. ಮೇಲೆ ದಪ್ಪ ತಮಿಳಕ್ಷರದಲ್ಲಿ ತಾಯಿಯ ಹಾಲಿನ ಮಹಿಮೆ, ಕೆಳಗೆ ತಾಯಿ ಮತ್ತು ಮಗು. ತಾಯಿ ಅವಳು. ಮಗು ನನ್ನ ಮಗಳು. ನನ್ನ ಮನೆಯ ಜಗಲಿ, ನಾನು ತೊಡಿಸಿದ ಹಳದಿ ಅಂಗಿ, ನಾನು ಇಟ್ಟ ದೃಷ್ಟಿಬೊಟ್ಟು, ನನ್ನ ಮಗಳು. ಅದರಲ್ಲಿ ಇಲ್ಲದಿದ್ದವಳು ನಾನೊಬ್ಬಳೇ.

ಇನ್ನು ಅದನ್ನು ಹಿಡಿದುಕೊಂಡು ಊರೂರು ಸುತ್ತುವ ಕರ್ಮವೂ ನನ್ನದೇ. ಕೋತಗಿರಿ ಕಡೆಯ ಬಡಗರ ಹಟ್ಟಿಗಳಲ್ಲಿ, ಪಂದಲೂರಿನ ಟೀ ಎಸ್ಟೇಟುಗಳ ಕೂಲಿ ಲೈನುಗಳಲ್ಲಿ ಗೋಡೆಗೆ ಅಂಟಿಸಿ ಬೆರಳು ತೋರಿಸಿ ಹೇಳಬೇಕು: ನೋಡಿ, ತಾಯಿ ಹೇಗೆ ಹಿಡಿದಿದ್ದಾಳೆ, ಮಗು ತಾಯಿಯ ಮುಖವನ್ನೇ ಹೇಗೆ ನೋಡುತ್ತಿದೆ. ಪ್ರತಿ ಸಲವೂ ‘ತಾಯಿ’ ಎನ್ನುವಾಗ ನಾಲಿಗೆ ಕಹಿಯಾಗುತ್ತಿತ್ತು. ಪಂದಲೂರಿನಲ್ಲಿ ಎಲೆ ಕೀಳುವ ಹೆಂಗಸೊಬ್ಬಳು, ಕೂಸಿಗೆ ಅಮ್ಮನ ಮೂಗೇ ಬಂದಿದೆ ಎಂದು ಮಲೆಯಾಳದಲ್ಲಿ ಮೆಚ್ಚಿದಳು. ಆ ಮೂಗು ನಮ್ಮತ್ತೆಯದು! ಅವರ ವಂಶಕ್ಕೆಲ್ಲ ಇರುವ ಮೊಂಡು ಮೂಗು! ನಾನು ಅಂದಿನಿಂದ ಪೋಸ್ಟರಿಗೆ ಅಡ್ಡವಾಗಿ, ನನ್ನ ಭುಜ ಅವಳ ಮುಖ ಮುಚ್ಚುವಂತೆ ನಿಂತು ಮಾತಾಡುವುದನ್ನು ಕಲಿತೆ. ಮಗಳು ಮಾತ್ರ ಕಂಡರೆ ಸಾಕು.

ಮನೆಯಲ್ಲಿ ಗಂಡ ಅದಕ್ಕೆ ಗಾಜಿನ ಕಟ್ಟು ಹಾಕಿಸೋಣ ಎಂದರು. ನಾನು ಮೂರು ದಿನ ಅವರೊಡನೆ ಮಾತು ಬಿಟ್ಟೆ. ಹಾಡಿಯವಳ ಕಣ್ಣಿಗೂ ಅದು ಬೀಳದಂತೆ ನೋಡಿಕೊಂಡೆ, ಅವರ ಹಾಡಿಗೆ ಹೋಗುವಾಗ ಹಳೆಯ ಚಾರ್ಟುಗಳನ್ನೇ ಒಯ್ದೆ. ನೋಡಿದರೆ ಹಿಗ್ಗುತ್ತಾಳೆ, ಹಾಡಿಯೆಲ್ಲ ಅವಳನ್ನು ಹೊಗಳುತ್ತದೆ, ಆ ಸುಖ ಅವಳಿಗೆ ನನ್ನ ಕೈಯಾರೆ ಯಾಕೆ ಕೊಡಲಿ? ಅಷ್ಟರಲ್ಲಿ ನನ್ನ ಮಗಳಿಗೆ ಮಾತು ಬಂದಿತ್ತು. ಮೊದಲು ಬಂದದ್ದು ‘ಅವ್ವೆ’. ಅವಳನ್ನು ನೋಡಿ ಕೈ ಚಾಚಿ ಅವ್ವೆ ಎಂದಳು. ನಾನು ‘ಅಮ್ಮ’ ಆಗಲು ಇನ್ನೂ ಎರಡು ತಿಂಗಳು ಕಾಯಬೇಕಾಯಿತು.

ಮಗಳಿಗೆ ಮೂರು ತುಂಬಿದ ವರ್ಷ ಊಟಿಯಿಂದ ಹೊಸ ಮೇಲ್ವಿಚಾರಕಿ ಬಂದರು. ಬಹಳ ಚುರುಕಿನವರು. ಒಂದು ಭಾನುವಾರ ಹಾಡಿಯ ಬಾಲವಾಡಿಯಲ್ಲಿ ಸಭೆ ಕರೆದು, ನಾನು ತಲುಪುವ ಮೊದಲೇ ಜೀಪಿನಿಂದ ಪೋಸ್ಟರ್ ತಂದು ಗೋಡೆಗೆ ಅಂಟಿಸಿಬಿಟ್ಟಿದ್ದರು. ನಾನು ಒಳಗೆ ಕಾಲಿಟ್ಟಾಗ ಹೆಂಗಸರೆಲ್ಲ ಅದರ ಮುಂದೆ ಗುಂಪಾಗಿ ನಗುತ್ತಿದ್ದರು. ಅವಳು ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಿಂದೆ ನಿಂತಿದ್ದಳು. ಯಾರೋ ಅವಳನ್ನು ಮುಂದಕ್ಕೆ ತಳ್ಳಿದರು.

“ಇದು ನನ್ನ ಪಟ. ಅಕ್ಕನ ಕೂಸು,” ಎಂದಳು ಅವಳು. ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು. ಮೇಲ್ವಿಚಾರಕಿಯೂ ನೋಡಿದರು. ಇಷ್ಟು ವರ್ಷ ಮುಚ್ಚಿಟ್ಟದ್ದು ಹೀಗೆ ಒಂದು ಮಾತಿನಲ್ಲಿ ಬಯಲಾಯಿತು. ನನ್ನ ಮುಖ ಕಾದ ಹೆಂಚಾಯಿತು. ಇನ್ನು ಅವಳ ಹಿಗ್ಗನ್ನೂ ನೋಡಬೇಕಲ್ಲ ಎಂದು ಹಲ್ಲು ಕಚ್ಚಿ ನಿಂತೆ.

ಅವಳು ಹಿಗ್ಗಲಿಲ್ಲ. ತನ್ನ ಮುಖವನ್ನು ನೋಡಿಕೊಳ್ಳಲಿಲ್ಲ, ನನ್ನ ಮಗಳನ್ನೂ ನೋಡಲಿಲ್ಲ. ಬಗ್ಗಿ ಪೋಸ್ಟರಿನ ಕೆಳ ಅಂಚಿಗೆ ಬೆರಳಿಟ್ಟಳು. ಅಲ್ಲಿ, ಜಗಲಿಯ ಚಾಪೆಯ ಮೇಲೆ, ಚಿತ್ರ ಮುಗಿಯುವ ಜಾಗದಲ್ಲಿ ಒಂದು ಸಣ್ಣ ಪಾದದ ಬೆರಳುಗಳು.

“ಇದು ನನ್ ಕೂಸು,” ಎಂದಳು. “ಇವ್ನ ಕಾಲು. ಅವತ್ತು ಅಳ್ತಿದ್ದ. ನಿಮ್ಮ ಕೂಸು ಕುಡ್ದು ಮುಗಿಸ್ಲಿ ಅಂತ ನಾನೇ ಇವ್ನ ನೆಲದ ಮ್ಯಾಲೆ ಬುಟ್ಟಿದ್ದಿ.” ಸೊಂಟದ ಮೇಲಿನ ಹುಡುಗನನ್ನು ಸರಿಸಿಕೊಂಡು ನನ್ನ ಕಡೆ ತಿರುಗಿದಳು. “ನಾಳೆ ಇಂವ ದೊಡ್ಡವನಾಗಿ ಇದ ನೋಡಿ, ನಾನೆಲ್ಲವ್ವೆ ಅಂದ್ರೆ ಏನೇಳ್ಲಿ? ತಗ್ದ್ಬುಡಿ ಅಕ್ಕ.”

ನಾನೇ ಹೋಗಿ ತೆಗೆದೆ. ಮೇಲ್ವಿಚಾರಕಿ ಏನೋ ಕೇಳುತ್ತಿದ್ದಂತೆಯೇ ಅದನ್ನು ಸುರುಳಿ ಸುತ್ತಿಕೊಂಡು ಹೊರಗೆ ಬಂದೆ. ಸಭೆಯನ್ನೂ ನಡೆಸಲಿಲ್ಲ. ಹಾಡಿಯಿಂದ ಮನೆಯವರೆಗೆ ನಡೆದುಕೊಂಡು ಬರುವಾಗ ನಾಚಿಕೆಯಾಗಬೇಕಿತ್ತು. ಹಾಲಿಗೆ ಒಬ್ಬ ಒಡೆಯನಿದ್ದ, ನಾನು ಅವನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ ಎಂದು ಅಳಬೇಕಿತ್ತು. ಅದೆಲ್ಲ ಆಮೇಲೆ ಆಯಿತು. ಆ ಹೊತ್ತಿಗೆ ನನ್ನಲ್ಲಿದ್ದದ್ದು ಮತ್ತೆ ಅದೇ ಹೊಟ್ಟೆಕಿಚ್ಚು, ಹಿಂದಿಗಿಂತ ಹೆಚ್ಚು. ಆ ಪೋಸ್ಟರನ್ನು ನಾನು ನೀಲಗಿರಿಯ ಅರ್ಧ ಊರುಗಳಲ್ಲಿ ಅಂಟಿಸಿದ್ದೆ, ಕಣ್ಣು ನೋಯುವಷ್ಟು ನೋಡಿದ್ದೆ, ಆ ಪಾದ ನನಗೆ ಕಂಡಿರಲೇ ಇಲ್ಲ. ಅವಳು ಒಮ್ಮೆ ನೋಡಿದಳು, ಕಾಲ್ಬೆರಳ ತುದಿಗಳಿಂದಲೇ ಮಗನನ್ನು ಗುರುತಿಸಿದಳು.

ಮನೆಯಲ್ಲಿ ಮಗಳು ಅಪ್ಪನ ಪಕ್ಕ ಕೂತು ಮುರುಕು ತಿನ್ನುತ್ತಿದ್ದಳು. ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಕಾಲುಚೀಲ ಕಳಚಿದೆ. ಬಲಗಾಲಿನ ಹೆಬ್ಬೆರಳ ಕೆಳಗೆ ಒಂದು ಗಾಯದ ಗುರುತಿತ್ತು, ಮಾಸಿ ಬೆಳ್ಳಗಾದದ್ದು. ಇದು ಯಾವಾಗ ಆಯಿತು ಎಂದು ಕೇಳಿದೆ.

ಮಗಳು ಕಾಲು ಎಳೆದುಕೊಂಡು, “ನಂಗೊತ್ತಿಲ್ಲ ಅಮ್ಮ. ಅವ್ವೇನ ಕೇಳು,” ಎಂದಳು.