ಒಂದು ಚಾಕು, ಎರಡು ಫೋನು, ಇಬ್ಬರು ಓರಗಿತ್ತಿಯರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಹಡಿಯ ಕೋಣೆಯಿಂದ ಸರ್ ಸರ್ ಎಂಬ ಸದ್ದು ಬರುತ್ತಿದೆ. ಕಿಟಕಿಯ ಬುಡದಲ್ಲಿ ಚಾಪೆ ಹಾಸಿಕೊಂಡು ಕೂತ ಹೆಂಗಸೊಬ್ಬರು ಅಂಗೈಯಗಲದ ಮರದ ತುಂಡನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಾರೆ. ಉಜ್ಜುವುದು, ಉಫ್ ಎಂದು ಪುಡಿ ಊದುವುದು, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಅಂಚು ಸವರುವುದು. ಯಾಕೋ ಸಮಾಧಾನವಿಲ್ಲ. ಮುಖ ಸಿಂಡರಿಸಿಕೊಂಡು ಮತ್ತೆ ಉಜ್ಜುತ್ತಾರೆ.

"ಇದು ಕೆಲಸ ಅಲ್ಲ ಮೇಡಂ, ಬರೀ ಕೈ ಪಳಗಿಸೋದು. ಕೆಲಸದ್ದನ್ನ ಮನೆಗೆ ತಂದ್ರೆ ಕೆಲಸವೇ ಹೋಗುತ್ತೆ" ಎಂದು ಪತ್ರಿಕೆಯಿಂದ ಬಂದ ನನಗೆ ಹೇಳುತ್ತಾರೆ.

ಜೊತೆಯವರು ಇವರನ್ನು ಕರೆಯುವುದು ಅಂಚಮ್ಮ ಎಂದು. ಮೊಬೈಲ್ ಫೋನ್ ಕಂಪನಿಯೊಂದರಲ್ಲಿ ಮಾದರಿ ತಯಾರಿಸುವ ಕೋಣೆಯ ಕೆಲಸಗಾರ್ತಿ. ಹೊಸ ಫೋನು ಕಾರ್ಖಾನೆಗೆ ಹೋಗುವ ಮೊದಲು ಅದರದೊಂದು ಡಮ್ಮಿ ತಯಾರಾಗುತ್ತದೆ. ಒಳಗೆ ಏನೂ ಇರುವುದಿಲ್ಲ, ಹೊರಗಿನ ಆಕಾರ ಅಷ್ಟೇ. ಆ ಡಮ್ಮಿಯ ಅಂಚು ಕೈಗೆ ಚುಚ್ಚದ ಹಾಗೆ, ಕೈಯಿಂದ ಜಾರದ ಹಾಗೆ ಉಜ್ಜಿ ಕೊಡುವುದು ಇವರ ಕಸುಬು. ಇವರ ಕೈ ಒಪ್ಪಿದ್ದನ್ನು ಯಂತ್ರ ಅಳೆದುಕೊಂಡು ಲಕ್ಷಗಟ್ಟಲೆ ಫೋನು ಹೊರಹಾಕುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ನಾಲ್ಕು ಡಮ್ಮಿ ಮುಗಿದರೆ ಅದು ಒಳ್ಳೆಯ ದಿನ. ಮಣಿಕಟ್ಟಿನ ನೋವು, ಪುಡಿಯಿಂದ ಬಂದ ಕೆಮ್ಮು ದಿನವೂ ಇದ್ದದ್ದೇ. ಉಜ್ಜಿ ಉಜ್ಜಿ ಹೆಬ್ಬೆರಳ ಗೆರೆಗಳು ಸವೆದುಹೋಗಿವೆ. ಬೆರಳಚ್ಚಿಗೆ ತೆರೆಯುವ ಫೋನು ಇವರಿಗೆ ತೆರೆಯುವುದಿಲ್ಲ. "ನಾನೇ ಉಜ್ಜಿದ ಫೋನು, ನನ್ನನ್ನೇ ಯಾರಮ್ಮ ನೀನು ಅನ್ನುತ್ತೆ!"

ಹೊಟ್ಟೆಕಿಚ್ಚಿನ ಕಥೆ ಇರುವುದು ಕೆಳಮನೆಯಲ್ಲಿ. ಅಲ್ಲಿ ಇವರ ಓರಗಿತ್ತಿ, ಅಂದರೆ ಮೈದುನನ ಹೆಂಡತಿ ಇದ್ದಾಳೆ. ಆಕೆಯೂ ಇದೇ ಕೆಲಸ ಮಾಡುತ್ತಾಳೆ, ಎದುರಾಳಿ ಕಂಪನಿಯಲ್ಲಿ. ಎರಡು ಸಂಸಾರಕ್ಕೂ ಅಡುಗೆಮನೆ ಕೆಳಗೆ, ಒಂದೇ. ಕೆಲಸದ ಗುಟ್ಟು ಬಿಡುವುದಿಲ್ಲವೆಂದು ಇಬ್ಬರೂ ಸಹಿ ಹಾಕಿದ್ದಾರೆ, ಹಾಗಾಗಿ ಒಲೆ ಮುಂದೆ ತರಕಾರಿ ರೇಟು ಬಿಟ್ಟು ಬೇರೆ ಮಾತಿಲ್ಲ. ಗಂಡಂದಿರು ಜಾಣರು, ನಡುವೆ ಬಾಯಿ ಹಾಕುವುದಿಲ್ಲ.

"ಉಪ್ಪುಕಾಗದ ಹಿಡಿಯೋದು ಕಲಿಸಿದ್ದೇ ನಾನು. ಈಗ ಪೇಪರಲ್ಲಿ ಫೋಟೋ ಅವಳದ್ದು" ಎಂದು ಅಂಚಮ್ಮ ತುಂಡನ್ನು ಕುಕ್ಕುತ್ತಾರೆ. ಹೋದ ವಾರ ಇನ್ನೊಂದು ಪತ್ರಿಕೆಯ ಪುರವಣಿಯಲ್ಲಿ ಓರಗಿತ್ತಿಯ ಬಗ್ಗೆ ಅರ್ಧ ಪುಟ ಬಂದಿತ್ತು. ಸುಳ್ಳೇಕೆ ಹೇಳಲಿ? ನಮ್ಮ ಸಂಪಾದಕರು ಅದನ್ನು ನೋಡಿ ಹೊಟ್ಟೆ ಉರಿದುಕೊಂಡೇ ನನ್ನನ್ನು ಮಹಡಿ ಹತ್ತಿಸಿದ್ದು. ನನಗೂ ಉರಿದಿದೆ, ಆ ಬರಹ ಚೆನ್ನಾಗಿತ್ತು. ಕಂಪನಿಗಳು ಒಂದರದನ್ನೊಂದು ಕದಿಯುತ್ತವೆ ಎಂದು ಬೈಯಲು ನಮಗೆ ಯಾವ ಬಾಯಿ?

ಆ ಬರಹದಲ್ಲಿ ಓರಗಿತ್ತಿ ಹೇಳಿದ ಒಂದು ಮಾತು ಅಂಚಮ್ಮನ ನಿದ್ದೆ ಕೆಡಿಸಿದೆ. ಆಕೆಯ ಕಂಪನಿಯ ಹೊಸ ಫೋನಿನ, ಎಲ್ಲರ ಮೆಚ್ಚುಗೆ ಗಳಿಸಿದ ದುಂಡಂಚು ಹೇಗೆ ಹೊಳೆಯಿತು ಎಂದು ಕೇಳಿದ್ದಕ್ಕೆ ಆಕೆ, "ಅದು ನನ್ನ ಕೈಗೇ ಬಂತು" ಎಂದಿದ್ದಳು.

"ಕೈಗೆ ಬಂತಂತೆ, ಕೈಗೆ! ಎಲ್ಲಿಂದ ಬಂತು ತೋರಿಸ್ತೀನಿ ತಾಳಿ." ಅಂಚಮ್ಮ ಎದ್ದು ಬೀರುವಿನಿಂದ ಬಟ್ಟೆಯ ಗಂಟೊಂದನ್ನು ತೆಗೆಯುತ್ತಾರೆ. ಒಳಗೆ ತರಕಾರಿ ಹೆಚ್ಚುವ ಚಾಕು. ಹಳೇ ಹಿಡಿ ಮುರಿದಾಗ ಇವರೇ ಮರದ್ದೊಂದು ಹಿಡಿ ಮಾಡಿ ಹಾಕಿದ್ದರು. ಹೆಬ್ಬೆರಳ ಬುಡ ಕೂರುವ ಕಡೆ ಸ್ವಲ್ಪ ದುಂಡಗೆ, ಬೆರಳು ಸುತ್ತುವ ಕಡೆ ಚಪ್ಪಟೆ. ಇಂಥದೇ ಅಂಚನ್ನು ತಮ್ಮ ಕಂಪನಿಯ ಡಮ್ಮಿಗೂ ಹಾಕಿ ತೋರಿಸಿದ್ದರು. ಈಗ ಚೂಪು ಅಂಚೇ ಫ್ಯಾಶನ್ ಎಂದು ಮೇಲಿನವರು ಅದನ್ನು ಪಕ್ಕಕ್ಕಿಟ್ಟರು. ಚಾಕು ಮಾತ್ರ ಅಡುಗೆಮನೆಯಲ್ಲಿ ಉಳಿಯಿತು, ದಿನಾ ಬೆಳಿಗ್ಗೆ ಓರಗಿತ್ತಿಯ ಕೈಯಲ್ಲಿ.

ಎದುರಾಳಿ ಕಂಪನಿಯ ಫೋನು ಅಂಗಡಿಗೆ ಬಂದ ದಿನ ಅಂಚಮ್ಮ ಸುಮ್ಮನೆ ನೋಡೋಣವೆಂದು ಹೋಗಿ ಹಿಡಿದರು. "ಎದೆ ಧಸಕ್ ಅಂತು ಮೇಡಂ. ನನ್ನ ಚಾಕು! ಹಿಡ್ಕೊಂಡು ಅಲ್ಲೇ ನಿಂತುಬಿಟ್ಟೆ. ಅಂಗಡಿಯವನು ತಗೋತೀರಾ ಅಂತ ಕೇಳ್ದ. ಥೂ, ನನ್ನದನ್ನ ನಾನೇ ದುಡ್ಡು ಕೊಟ್ಟು ತಗೊಳ್ಳೋದಾ?"

ಗಾಯದ ಮೇಲೆ ಬರೆ ಎಳೆದ ಹಾಗೆ, ಮರುವಾರ ಇವರ ಮೇಲಿನವರು ಅದೇ ಫೋನು ತಂದು ಇವರ ಮೇಜಿನ ಮೇಲಿಟ್ಟರು. ನಮ್ಮದೂ ಹೀಗೇ ಇರಲಿ, ಆದರೆ ನೋಡಿದವರಿಗೆ ಹೀಗೇ ಇದೆ ಅನ್ನಿಸಬಾರದು ಎಂದರು. ತಮ್ಮದೇ ಅಂಚನ್ನು ಪರರದೆಂದು ನಕಲು ಮಾಡುವ ಪಾಡು! ಅಂಚಮ್ಮ ಅಂದು ಊಟ ಮಾಡಲಿಲ್ಲ. ಸಂಜೆ ಮನೆಗೆ ಬಂದವರೇ ಯಾರಿಗೂ ಹೇಳದೆ ಚಾಕುವನ್ನು ಎತ್ತಿಕೊಂಡು ಮಹಡಿ ಹತ್ತಿದರು.

ಈಗ ಎರಡೂ ಕಂಪನಿಗಳ ಫೋನುಗಳು ಪೇಟೆಯಲ್ಲಿವೆ. ಸೊಸೆಯರು ತಲಾ ಒಂದೊಂದು ಕೊಡಿಸಿದ್ದರಿಂದ ಅತ್ತೆಯ ಬಳಿ ಎರಡೂ ಇವೆ. "ಒಂದು ಬಡ್ಕೊಂಡ್ರೆ ಇನ್ನೊಂದನ್ನ ಎತ್ತಿ ಹಲೋ ಅಂತೀನಿ ಕಣಮ್ಮ. ಈ ಇಬ್ಬರ ಜಿದ್ದಿಗೆ ನನ್ನ ಕಿವಿ ಬಲಿ" ಎಂದು ಅಜ್ಜಿ ಬಾಗಿಲಲ್ಲೇ ನನ್ನಲ್ಲಿ ದೂರಿದ್ದರು.

ನಾನು ಚಾಕು ಹಿಡಿದು ನೋಡುತ್ತೇನೆ. ಕೈಗೆ ಹಿತವಾಗಿದೆ. ಆದರೆ ಹಿಡಿಯ ತುದಿ ಒಂದು ಕಡೆಗೆ ಓರೆಯಾಗಿ ಸವೆದಿದೆ. ಇದೂ ನೀವೇ ಉಜ್ಜಿದ್ದಾ ಎಂದು ಕೇಳಿದರೆ ಅಂಚಮ್ಮ ಥಟ್ಟನೆ ಚಾಕು ಕಿತ್ತುಕೊಂಡು ಬಟ್ಟೆ ಸುತ್ತುತ್ತಾರೆ. ಗಂಟು ಬಿಗಿದು ಮತ್ತೆ ಬಿಚ್ಚುತ್ತಾರೆ.

"ಅದು ಅವಳ ಅಂಗೈ ಸವೆಸಿದ್ದು" ಎಂದು ಕೊನೆಗೆ ಬಾಯಿ ಬಿಡುತ್ತಾರೆ. "ಎಷ್ಟು ವರ್ಷ ಹೆಚ್ಚಿದ್ದಾಳೆ ಅದರಲ್ಲಿ! ಆವತ್ತು ಮೇಲೆ ತಂದು ಹಿಡಿದಾಗಲೇ ನಂಗೆ ಗೊತ್ತಾಗಿದ್ದು. ಎಷ್ಟು ಚೆಂದ ಕೂರುತ್ತೆ ಅಂತೀರಿ. ನಮ್ಮ ಫೋನಿನ ಕೆಳಗಿನ ಮೂಲೆಗೆ ಅದನ್ನೇ ಹಾಕಿದೆ. ಎಲ್ಲರೂ ಹೊಗಳಿದ್ದು ಆ ಮೂಲೆಯನ್ನೇ." ತಕ್ಷಣ ಬೆರಳೆತ್ತಿ ಗದರುತ್ತಾರೆ: "ಇದನ್ನ ಬರೀಬೇಡಿ! ಅಂಚು ಅಕ್ಕಂದು ಅಂತ ಮೊದಲು ಅವಳು ಬಾಯಿಬಿಟ್ಟು ಹೇಳಲಿ. ಆಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ."

ಹೊರಡುವ ಮುನ್ನ ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಸಂಬಳವನ್ನೋ ಬಡ್ತಿಯನ್ನೋ ಹೇಳಬಹುದು ಎಂದುಕೊಂಡಿದ್ದೆ. "ದೊಡ್ಡದೇನಿಲ್ಲ. ಒಂದೇ ಒಂದ್ಸಲ ಅವಳು ನಮ್ಮ ಫೋನ್ ಹಿಡಿದು ಹೊಟ್ಟೆ ಉರ್ಕೊಬೇಕು. ನಾನು ಉರ್ಕೊಂಡಷ್ಟೇ."

ಮೆಟ್ಟಿಲಿಳಿದು ಬಂದರೆ ಬುಡದಲ್ಲೇ ಓರಗಿತ್ತಿ ನಿಂತಿದ್ದಾಳೆ. ಕೈಯಲ್ಲಿ ಅತ್ತೆಗೆ ಅಂಚಮ್ಮ ಕೊಡಿಸಿದ ಫೋನು, ಹೆಬ್ಬೆರಳು ಅದರ ಕೆಳಗಿನ ಮೂಲೆಯ ಮೇಲೆ.

"ಮೇಡಂ, ಈ ಮೂಲೆ ಎಲ್ಲಿಂದ ತಂದ್ರು ಅಂತ ಅಕ್ಕ ಏನಾದ್ರೂ ಹೇಳಿದ್ರಾ?" ಎಂದು ಪಿಸುಗುಡುತ್ತಾಳೆ. "ಮೂರು ದಿನದಿಂದ ಹಿಡಿದು ನೋಡ್ತಿದ್ದೀನಿ, ಎಲ್ಲೋ ಹಿಡಿದಿದ್ದೀನಿ ಅನ್ಸುತ್ತೆ, ನೆನಪಾಗ್ತಿಲ್ಲ. ಅತ್ತ ನಾನು ದಿನಾ ತರಕಾರಿ ಹೆಚ್ಚುತ್ತಿದ್ದ ಚಾಕುನೂ ಎಷ್ಟೋ ತಿಂಗಳಿಂದ ಕಾಣ್ತಿಲ್ಲ. ಹೊಟ್ಟೆ ಉರಿದು ಹೋಗಿದೆ ನಂಗೆ."

ಆ ಚಾಕುವಿನ ಹಿಡಿ ಮಾಡಿದ್ದು ಯಾರು ಎಂದು ಕೇಳುತ್ತೇನೆ.

"ಅಕ್ಕ" ಎನ್ನುತ್ತಾಳೆ. ಫೋನನ್ನು ಅತ್ತೆಯ ಮಂಚದ ಮೇಲಿಟ್ಟು, ಖಾಲಿ ಅಂಗೈಯನ್ನು ಚಾಕು ಹಿಡಿದ ಹಾಗೆ ಮಡಚಿ, ಬಿಡಿಸಿ, ಮತ್ತೆ ಮಡಚುತ್ತಾಳೆ. ಮುಖ ಕೆಂಪಾಗುತ್ತದೆ. "ಅಯ್ಯೋ! ಹಾಗಾದ್ರೆ ಅಂಚು ಅಕ್ಕಂದೇ ಅಲ್ವಾ ಮೇಡಂ?"

ಮಹಡಿಯ ಮೇಲಿನ ಸರ್ ಸರ್ ಸದ್ದು ನಿಲ್ಲುತ್ತದೆ.

"ಏನಂದೇ? ಇನ್ನೊಂದ್ಸಲ ಜೋರಾಗಿ ಹೇಳು, ಕೇಳಿಸಲಿಲ್ಲ!"